ಸಿಸ್ಟರಕ್ಕನ ಹತ್ತಿರ ಕೇಳಿ: ಘಾನಾದ ನರ್ಸ್ ಮಾಡಿದ್ದು ನಮ್ಮೂರಲ್ಲೂ ಆಗ್ತದಾ?

ಈ ಸಲ ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಬಂದ ಒಂದು ಪತ್ರ ಓದಿದ ಮೇಲೆ, ಅದಕ್ಕೆ ಹೊಂದುವ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಶುಗರ್, ಗಂಟುನೋವು ಅಂತ ಬರೆದವರು ಬೇಜಾರು ಮಾಡಬೇಡಿ, ಮುಂದಿನ ಸಂಚಿಕೆ ನಿಮ್ಮದೇ.

ಪ್ರಶ್ನೆ: ಸಿಸ್ಟರಕ್ಕಾ, ನನ್ನ ಮಗಳು ದುಬೈಯಲ್ಲಿ ಸ್ಟಾಫ್ ನರ್ಸ್. ಅವಳ ವಾರ್ಡಿನಲ್ಲಿ ಘಾನಾ ದೇಶದ ಒಬ್ಬಳು ನರ್ಸ್ ಇದ್ದಾಳಂತೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಚರ್ಚಿನಲ್ಲಿ, ಸಂತೆಯಲ್ಲಿ, ಜಡೆ ಹೆಣೆಯುವ ಅಂಗಡಿಯಲ್ಲೂ ಹೆಂಗಸರನ್ನು ಕೂರಿಸಿಕೊಂಡು ಕ್ಯಾನ್ಸರ್ ಬಗ್ಗೆ ಹೇಳ್ತಾಳಂತೆ. ಅದನ್ನು ಕೇಳಿ ನನ್ನ ಮಗಳಿಗೂ ಹುರುಪು ಬಂದಿದೆ, ಬರುವ ರಜೆಯಲ್ಲಿ ನಮ್ಮೂರಲ್ಲೂ ಹಾಗೇ ಮಾಡ್ತೇನೆ ಅಂತಾಳೆ. ನನಗೋ ಹೆದರಿಕೆ. ಮದುವೆ ಆಗದ ಹುಡುಗಿ ಗರ್ಭಕೋಶ, ಮೊಲೆ ಅಂತೆಲ್ಲ ನಾಲ್ಕು ಜನರ ಎದುರು ಮಾತಾಡಿದರೆ ಜನ ಏನೆಂದಾರು? ಮತ್ತೆ ಆಫ್ರಿಕಾದ ಹೆಂಗಸರ ಕಷ್ಟ ಬೇರೆ, ನಮ್ಮದು ಬೇರೆ ಅಲ್ವಾ?
ಒಬ್ಬ ತಾಯಿ, ಬದಿಯಡ್ಕ

ಉತ್ತರ: ಅಕ್ಕಾ, ಜನ ಏನೆಂದಾರು ಅನ್ನುವುದನ್ನು ಮೊದಲು ಮುಗಿಸುವ. ಹಗಲು ಮೂಗು ಮುರಿದವರೇ ಸಂಜೆ ಹಿತ್ತಿಲ ಬಾಗಿಲಿಗೆ ಬಂದು "ಮಗಳು ಇದ್ದಾಳಾ, ಒಂದು ವಿಷಯ ಕೇಳ್ಲಿಕ್ಕಿತ್ತು" ಅಂತಾರೆ. ಊರಲ್ಲಿ ನರ್ಸ್ ಆಗಿ ಬದುಕಿದ ಯಾರನ್ನು ಬೇಕಾದರೂ ಕೇಳಿ ನೋಡಿ. ಮದುವೆ ಆಗಿದೆಯಾ ಅಂತ ವಿಚಾರಿಸಿ ಯಾರೂ ಇಂಜೆಕ್ಷನ್ ಹಾಕಿಸಿಕೊಳ್ಳುವುದಿಲ್ಲವಲ್ಲ, ಇದೂ ಹಾಗೆಯೇ.

ಇನ್ನು ಘಾನಾದ ವಿಷಯ. ಮಗಳ ಗೆಳತಿ ಒಬ್ಬಳೇ ಅಲ್ಲ, ಆ ದೇಶದಲ್ಲಿ ಈ ಕೆಲಸಕ್ಕೆ ಒಂದು ದೊಡ್ಡ ಹೆಸರು ಇದೆ. ಅಕ್ರಾ ನಗರದ ಕೊರ್ಲೆ ಬು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ನರ್ಸ್ ನವೋಮಿ ಒಯೊ ಒಹೆನೆ ಒಟಿ ಅವರಿಗೆ 2025ರಲ್ಲಿ ಆಸ್ಟರ್ ಗಾರ್ಡಿಯನ್ಸ್ ಅನ್ನುವ ಜಾಗತಿಕ ನರ್ಸಿಂಗ್ ಪ್ರಶಸ್ತಿ ಸಿಕ್ಕಿತು, 2 ಲಕ್ಷ 50 ಸಾವಿರ ಡಾಲರ್ ಬಹುಮಾನದ್ದು. ಕೊಟ್ಟದ್ದು ನಿಮ್ಮ ಮಗಳು ಇರುವ ದುಬೈಯಲ್ಲೇ, ಕೊಟ್ಟ ಸಂಸ್ಥೆ ಕಟ್ಟಿದವರು ನಮ್ಮ ಕೇರಳದ ಡಾ. ಆಜಾದ್ ಮೂಪನ್. ಆಕೆಯ ದೊಡ್ಡ ಕೆಲಸ ಏನಂದರೆ ಕ್ಯಾನ್ಸರ್ ಶುಶ್ರೂಷೆ ಗೊತ್ತಿರುವ ನರ್ಸ್‌ಗಳನ್ನು ತನ್ನ ದೇಶದಲ್ಲೇ ತಯಾರು ಮಾಡಿದ್ದು. ಡಾಕ್ಟರ್‌ಗಳು ಕಡಿಮೆ ಇರುವ ಕಡೆ ಒಬ್ಬ ಕಲಿತ ನರ್ಸ್ ಅಂದರೆ ಎಷ್ಟು ಅಂತ ಅಲ್ಲಿಯವರಿಗೆ ಗೊತ್ತು. ನಮ್ಮಲ್ಲಿ ಇನ್ನೂ ನರ್ಸ್ ಅಂದರೆ ಬಿಪಿ ನೋಡಿ ಮಾತ್ರೆ ಕೊಡುವವಳು ಅಂತಲೇ ಎಣಿಕೆ, ಇರಲಿ.

ಕಷ್ಟ ಬೇರೆ ಅಂದಿರಲ್ಲ, ಸ್ವಲ್ಪ ಬೇರೆ ಹೌದು. 2022ರಲ್ಲಿ ಪ್ರಪಂಚದಲ್ಲಿ ಸುಮಾರು 6 ಲಕ್ಷ 60 ಸಾವಿರ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೊಸದಾಗಿ ಸಿಕ್ಕಿತು, ಸುಮಾರು 3 ಲಕ್ಷ 50 ಸಾವಿರ ಮಂದಿ ಅದರಿಂದ ಸತ್ತರು. ಸತ್ತವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶದವರು. ಜನಸಂಖ್ಯೆಗೆ ಹೋಲಿಸಿ ಲೆಕ್ಕ ಹಾಕಿದರೆ ಅತಿ ಜಾಸ್ತಿ ಇರುವ ದೇಶಗಳಲ್ಲಿ ಹೆಚ್ಚಿನವು ಆಫ್ರಿಕಾದವು, ಎಸ್ವಾಟಿನಿ ಅನ್ನುವ ಪುಟ್ಟ ದೇಶ ಎಲ್ಲಕ್ಕಿಂತ ಮೇಲೆ. ಈ ಕ್ಯಾನ್ಸರ್ ಬಹುಮಟ್ಟಿಗೆ ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುವುದು. ಎಚ್‌ಐವಿ ಇರುವ ಹೆಂಗಸರ ಮೈಗೆ ಆ ವೈರಸ್ಸನ್ನು ಓಡಿಸುವ ಶಕ್ತಿ ಕಡಿಮೆ, ಹಾಗಾಗಿ ಅವರಿಗೆ ಈ ಕ್ಯಾನ್ಸರ್ ಬರುವ ಸಂಭವ 6 ಪಟ್ಟು ಜಾಸ್ತಿ. ಆಫ್ರಿಕಾದ ದಕ್ಷಿಣ, ಪೂರ್ವ ಭಾಗಗಳಲ್ಲಿ ಎಚ್‌ಐವಿ ಜಾಸ್ತಿ ಇದೆ. ಜೊತೆಗೆ ಚಿಕಿತ್ಸೆಯೂ ಕೈಗೆ ಸಿಗುವುದಿಲ್ಲ. ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ರೇಡಿಯೇಶನ್ ಕೊಡುವ ವ್ಯವಸ್ಥೆಯೇ ಇಲ್ಲ ಅಂತ 2022ರಲ್ಲಿ ವಿಶ್ವಸಂಸ್ಥೆಯ ಅಣುಶಕ್ತಿ ಸಂಸ್ಥೆ ಹೇಳಿತ್ತು. ನಮಗೆ ಮಂಗಳೂರು ಇದೆ, ತಲಶ್ಶೇರಿ ಇದೆ.

ಆದರೆ ಉಳಿದದ್ದೆಲ್ಲ ಒಂದೇ ಅಕ್ಕಾ. ನಾಚಿಕೆ ಒಂದೇ. ಬಸ್ಸಿನ ಹಣ ಗಂಡನ ಹತ್ತಿರ ಕೇಳಬೇಕಾದ ಅವಸ್ಥೆ ಒಂದೇ. ರಕ್ತ ಹೋದರೆ ಯಾವುದೋ ದೃಷ್ಟಿ, ಯಾರದೋ ಶಾಪ ಅಂತ ಹರಕೆ ಹೇಳಿ ಕೂರುವುದೂ ಒಂದೇ. ಭಾರತದಲ್ಲಿ 2022ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನ 1 ಲಕ್ಷ 27 ಸಾವಿರದಷ್ಟು ಹೊಸ ರೋಗಿಗಳು, 80 ಸಾವಿರದ ಹತ್ತಿರ ಸಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಇದರ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 2 ಮಂದಿಯೂ ಇಲ್ಲ. ಹಾಗಿರುವಾಗ ನಾವು ಆಫ್ರಿಕಾದವರನ್ನು ಪಾಪ ಅನ್ನುವುದು ಯಾವ ಲೆಕ್ಕ?

ಮಗಳಿಗೆ ನನ್ನದು ಒಂದೇ ಶರತ್ತು. ಸುಮ್ನೆ ಭಾಷಣ ಮಾಡಿ ಬರಬಾರದು. ಮಾತು ಮುಗಿದ ದಿನವೇ, ಆಗದಿದ್ದರೆ ಅದೇ ವಾರ, ಅದೇ ಊರಲ್ಲಿ ಪರೀಕ್ಷೆ ಆಗಬೇಕು. ಹೆದರಿಸಿ ಮನೆಗೆ ಕಳಿಸಿದರೆ ಆ ಹೆಂಗಸು ಇನ್ನಷ್ಟು ಮುಚ್ಚಿಟ್ಟುಕೊಳ್ಳುತ್ತಾಳೆ. ಇದನ್ನು ಜಾಂಬಿಯಾದವರು ಚೆನ್ನಾಗಿ ಮಾಡಿದ್ದಾರೆ. 2006ರಲ್ಲಿ ಲುಸಾಕಾ ನಗರದ ಸರಕಾರಿ ಕ್ಲಿನಿಕ್‌ಗಳಲ್ಲಿ ಶುರು ಮಾಡಿದರು, ಡಾಕ್ಟರ್‌ಗಳಿಗೆ ಕಾಯದೆ ನರ್ಸ್‌ಗಳಿಗೇ ಕಲಿಸಿ. ಪರೀಕ್ಷೆ ಏನು ದೊಡ್ಡದಲ್ಲ. ಹೆಂಗಸನ್ನು ಮಲಗಿಸಿ, ಒಳಗೆ ನೋಡುವ ಸ್ಪೆಕ್ಯುಲಮ್ ಇಟ್ಟು, ತೆಳು ಮಾಡಿದ ಅಸೆಟಿಕ್ ಆಸಿಡ್, ಅಂದರೆ ವಿನೆಗರ್‌ನಲ್ಲಿ ಇರುವಂಥದ್ದೇ, ಅದನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶ ಇರುವ ಜಾಗ ಬೆಳ್ಳಗೆ ತಿರುಗುತ್ತದೆ, ಇಲ್ಲದಿದ್ದರೆ ಗುಲಾಬಿ ಬಣ್ಣವೇ ಉಳಿಯುತ್ತದೆ. ಸ್ವಲ್ಪ ಉರಿ ಅನಿಸಬಹುದು, ಅಷ್ಟೇ. ಅಲ್ಲಿಯ ನರ್ಸ್‌ಗಳು ಅದರ ಫೋಟೋ ತೆಗೆದು ಆ ಹೆಂಗಸಿಗೇ ತೋರಿಸುತ್ತಿದ್ದರು. ತನ್ನ ಮೈಯ ಆ ಭಾಗವನ್ನು ಹುಟ್ಟಿದಾರಭ್ಯ ನೋಡದವಳು ಸ್ಕ್ರೀನಿನ ಮೇಲೆ ನೋಡಿ, ಇದು ಇಷ್ಟು ಬೆಳ್ಳಗಿದೆ, ಇದನ್ನು ತೆಗೆಯುವ ಅಂದರೆ ಒಪ್ಪುವುದು ಸುಲಭ, ಅಲ್ವಾ? ಚಿಕಿತ್ಸೆಗೆ ಆಗುವಂಥದ್ದಾದರೆ ಅಲ್ಲೇ, ಅದೇ ದಿನ ತಂಪು ಗ್ಯಾಸ್ ಹಿಡಿದು ಆ ಜಾಗದ ಕೆಟ್ಟ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಸಾಯಿಸುತ್ತಿದ್ದರು. ದೊಡ್ಡದಿದ್ದರೆ ಮಾತ್ರ ದೊಡ್ಡಾಸ್ಪತ್ರೆಗೆ.

ಇದೆಲ್ಲ ಆಫ್ರಿಕಾದ್ದು ಅಂತ ದೂರ ಇಡುವುದೂ ಬೇಡ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೆ ಹೋಗಿ ನರ್ಸ್‌ಗಳೇ ಈ ವಿನೆಗರ್ ಪರೀಕ್ಷೆ ಮಾಡಿದ್ದರು. 2007ರಲ್ಲಿ ಫಲಿತಾಂಶ ಬಂತು, ಪರೀಕ್ಷೆ ನಡೆದ ಕಡೆ ಈ ಕ್ಯಾನ್ಸರಿನಿಂದ ಆಗುವ ಸಾವು ನೂರಕ್ಕೆ 35ರಷ್ಟು ಕಡಿಮೆ. ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ, ಈಗ ಧಾರಾಶಿವ ಅಂತ ಹೆಸರು, ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಸಲ ಮಾಡಿ ಸಾವನ್ನು ಅರ್ಧದಷ್ಟು ಇಳಿಸಿದರು, ಅದು 2009ರ ವರದಿ. ಎರಡೂ ಕಡೆಯವರು ನಮ್ಮ ಹಾಗೇ ಹಳ್ಳಿಯ ಹೆಂಗಸರು.

ಹಾಗಾಗಿ ಮಗಳು ರಜೆಗೆ ಟಿಕೆಟ್ ಮಾಡುವ ಮೊದಲೇ ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಲಿ. ಅಲ್ಲಿಯ ಜೆಪಿಎಚ್‌ಎನ್ ಸಿಸ್ಟರ್, ಅಂದರೆ ಊರಿನ ಆರೋಗ್ಯ ನೋಡುವ ಸರಕಾರಿ ನರ್ಸ್, ಮತ್ತು ವಾರ್ಡಿನ ಆಶಾ ಕಾರ್ಯಕರ್ತೆ ಜೊತೆ ಸೇರಿ ದಿನ ಗೊತ್ತು ಮಾಡಲಿ. ಒಂದು ಮಾತು ಖಂಡಿತ ಹೇಳಿ: ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಲಿ. 2025ರ ಫೆಬ್ರವರಿ 4ರಂದು ಕೇರಳ ಸರಕಾರ "ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ" ಅಂತ ಅಭಿಯಾನ ಶುರು ಮಾಡಿತು, ಮೊದಲ ಹಂತ ಹೆಂಗಸರ ಸ್ತನ ಮತ್ತು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹುಡುಕುವುದಕ್ಕೇ. ಒಳ್ಳೆಯ ಕೆಲಸ, ನಾನು ಮೆಚ್ಚಿದ್ದೇನೆ. ಆದರೆ ನಮ್ಮ ಕಡೆಯ ಎಷ್ಟೋ ಅತ್ತೆಯಂದಿರಿಗೆ, ಅಜ್ಜಿಯಂದಿರಿಗೆ ಗೋಡೆಯ ಮಲಯಾಳ ಪೋಸ್ಟರ್ ಬರೀ ಚಿತ್ರ. ಅವರಿಗೆ ವಿಷಯ ಮುಟ್ಟಿಸಲಿಕ್ಕೆ ನಿಮ್ಮ ಮಗಳಂಥವಳೇ ಬೇಕು.

ಪ್ರಶ್ನೆ: ನನ್ನ ಹೆಂಡತಿಗೆ 54 ವರ್ಷ. ಮುಟ್ಟು ನಿಂತು ನಾಲ್ಕು ವರ್ಷ ಆಯಿತು. ಈಗ ಎರಡು ಸಲ ಸ್ವಲ್ಪ ಸ್ವಲ್ಪ ರಕ್ತ ಕಂಡಿದೆ. "ನೋವಿಲ್ಲವಲ್ಲ, ಉಷ್ಣ ಇರಬೇಕು" ಅಂತ ರಾಗಿ ಅಂಬಲಿ ಕುಡಿಯುತ್ತಿದ್ದಾಳೆ. ಗಂಡಸು ಡಾಕ್ಟರ್ ಹತ್ತಿರ ಹೋಗುವುದಿಲ್ಲ ಅಂತ ಹಟ. ನೀವು ಹೇಳಿದ ವಿನೆಗರ್ ಪರೀಕ್ಷೆಯೋ ಏನೋ ಕ್ಯಾಂಪಿನಲ್ಲಿ ಮಾಡಿಸಿದರೆ ಸಾಕಾ?
ಮಂಜೇಶ್ವರದ ಓದುಗ

ಉತ್ತರ: ಅಣ್ಣಾ, ಕ್ಯಾಂಪಿಗೆ ಕಾಯಬೇಡಿ. ಈ ವಾರವೇ ಹೋಗಿ. ಅಂಬಲಿ ಕುಡಿಯಲಿ, ಬೇಡ ಅಂದವರು ಯಾರು, ಕುಡಿದುಕೊಂಡೇ ಹೋಗಲಿ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದಕ್ಕೆ ಕಾರಣ ಹುಡುಕಲೇಬೇಕು. ಹೆಚ್ಚಿನವರಲ್ಲಿ ಕ್ಯಾನ್ಸರ್ ಇರುವುದಿಲ್ಲ, ಒಳಗಿನ ಪದರ ಒಣಗಿ ತೆಳುವಾಗಿರುತ್ತದೆ ಅಥವಾ ಸಣ್ಣ ಗಡ್ಡೆ ಇರುತ್ತದೆ. ಆದರೆ ಇದ್ದರೆ ಬೇಗ ಸಿಗುವುದು ಈ ಹಂತದಲ್ಲೇ. ನೋವು ಬರುವುದು ಬಹಳ ತಡವಾಗಿ, ಅಷ್ಟರಲ್ಲಿ ಅದು ಅಕ್ಕಪಕ್ಕ ಹಬ್ಬಿರುತ್ತದೆ. ವಿನೆಗರ್ ಪರೀಕ್ಷೆ ಇರುವುದು ಏನೂ ತೊಂದರೆ ಇಲ್ಲದ 30ರಿಂದ 50ರೊಳಗಿನವರಿಗೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಆ ಪರೀಕ್ಷೆ ನಂಬುವ ಹಾಗಿಲ್ಲ. ಇವರಿಗೆ ಬೇಕಾದದ್ದು ಸ್ತ್ರೀರೋಗದ ಡಾಕ್ಟರ್, ಒಂದು ಸ್ಕ್ಯಾನ್, ಬಹುಶಃ ಒಳಗಿನ ಪದರದ ಚೂರು ತೆಗೆದು ಬಯಾಪ್ಸಿ.

ಹೆಂಗಸು ಡಾಕ್ಟರ್ ಬೇಕು ಅನ್ನುವುದು ಹಟ ಅಲ್ಲ, ಅದು ಅವರ ಹಕ್ಕು. ಲೇಡಿ ಡಾಕ್ಟರ್ ಯಾವ ದಿನ ಇರುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಮಂಜೇಶ್ವರದವರು ಸೀದಾ ಮಂಗಳೂರಿಗೆ ಓಡುವುದು ವಾಡಿಕೆ. ಹೋಗಿ, ಆದರೆ ಕೇರಳದ ಆರೋಗ್ಯ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ, ಅಡ್ಮಿಟ್ ಆದ ಮೇಲೆ ಕೌಂಟರಿನಲ್ಲಿ ತಲೆ ಚಚ್ಚಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಕ್ಯಾನ್ಸರ್ ಅಂತಲೇ ಆದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಸರಕಾರದ ಆಸರೆಯದ್ದು, ರೈಲಿನಲ್ಲಿ ಹೋಗಿ ಬರಬಹುದು. ಮಲಯಾಳ ಬರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಮತ್ತೆ ಅಣ್ಣಾ, ಹೆಂಡತಿಯ ವಿಷಯ ಗಂಡ ಬರೆದು ಕೇಳಿದ ಪತ್ರ ನಮ್ಮ ಕಾಲಮ್ಮಿಗೆ ಬರುವುದು ತುಂಬ ಅಪರೂಪ. ಖುಷಿಯಾಯಿತು.

ಪ್ರಶ್ನೆ: ನಾವು ಎಣ್ಮಕಜೆಯವರು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದನ್ನು ಕಣ್ಣಾರೆ ಕಂಡವರು. ನಮ್ಮಲ್ಲಿ ಯಾರಿಗೆ ಏನು ಬಂದರೂ ಅದರಿಂದಲೇ. ಹಾಗಿರುವಾಗ ಈ ಪರೀಕ್ಷೆ, ಜಾಗೃತಿ ಅಂತೆಲ್ಲ ಮಾಡಿ ಏನು ಪ್ರಯೋಜನ? ಮೈಯೊಳಗೆ ವಿಷ ಹೋಗಿ ಆಗಿದೆ.
ಹೆಸರು ಬೇಡ, ಪೆರ್ಲ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಸುಮಾರು ಎರಡು ದಶಕ ಆಕಾಶದಿಂದ ಸುರಿದರು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು, ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು. ಪರಿಹಾರಕ್ಕೆ ಹೋರಾಡಿ, ಬಿಡಬೇಡಿ.

ಆದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುವುದು ವೈರಸ್‌ನಿಂದ. ವೈರಸ್ ಹೊಕ್ಕಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ, ಆ ಉದ್ದದ ಸಮಯದಲ್ಲಿ ಯಾವಾಗ ನೋಡಿದರೂ ಹಿಡಿದು ತೆಗೆಯಬಹುದು. ತೋಟದ ವಿಷಕ್ಕೂ ಇದಕ್ಕೂ ಗಂಟು ಹಾಕಿ ಕೂತರೆ ನಷ್ಟ ಯಾರಿಗೆ? ವಿಷ ಬಿಟ್ಟವರಿಗಂತೂ ಅಲ್ಲ. ನಿಮ್ಮ ಹೆಂಗಸರಿಗೆ. ಕೋರ್ಟಿಗೂ ಹೋಗಿ, ಪರೀಕ್ಷೆಗೂ ಹೋಗಿ.

ಪ್ರಶ್ನೆ: ಮಗಳಿಗೆ 13. ಎಚ್‌ಪಿವಿ ಲಸಿಕೆ ಹಾಕಿಸಿ ಅಂತ ಮಕ್ಕಳ ಡಾಕ್ಟರ್ ಹೇಳಿದರು. ನನ್ನ ನಾದಿನಿ ವಾಟ್ಸಾಪಿನಲ್ಲಿ ಬಂದದ್ದು ತೋರಿಸಿ, ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ, ಇದು ಮೊದಲು ಆಫ್ರಿಕಾದವರ ಮೇಲೆ ಪ್ರಯೋಗ ಮಾಡಿದ ಮದ್ದು ಅಂತಾಳೆ. ಏನು ಮಾಡುವುದು?
ಕುಂಬಳೆಯ ಅಮ್ಮ

ಉತ್ತರ: ನಾದಿನಿಯ ಹತ್ತಿರ ಜಗಳ ಬೇಡ, ಲಸಿಕೆ ಹಾಕಿಸಿ. 9ರಿಂದ 14 ಒಳ್ಳೆಯ ವಯಸ್ಸು, ವೈರಸ್ ಮೈಗೆ ಬರುವ ಮೊದಲೇ ಹಾಕಿಸಬೇಕು ಅನ್ನುವುದೇ ಲೆಕ್ಕ.

ಮಕ್ಕಳಾಗುವುದಿಲ್ಲ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಆಫ್ರಿಕಾದ ಮಾತು ಬಂತಲ್ಲ, ರುವಾಂಡಾ ದೇಶದ ಕತೆ ಕೇಳಿ. ಆಫ್ರಿಕಾದಲ್ಲಿ ದೇಶಕ್ಕೆ ದೇಶವೇ ಈ ಲಸಿಕೆ ಕೊಡಲು ಹೊರಟದ್ದರಲ್ಲಿ ಅದೇ ಮೊದಲು, 2011ರಲ್ಲಿ. ಯಾರೋ ಹೊರಗಿನವರು ಗುಟ್ಟಾಗಿ ಚುಚ್ಚಿದ್ದಲ್ಲ, ಅಲ್ಲಿಯ ಸರಕಾರ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತಿದ್ದೇ ಕೊಟ್ಟದ್ದು. ನೂರಕ್ಕೆ 90ಕ್ಕೂ ಹೆಚ್ಚು ಹುಡುಗಿಯರಿಗೆ ಮುಟ್ಟಿತು. ಆಗ 12 ವರ್ಷದವರಾಗಿದ್ದವರು ಈಗ 25 ದಾಟಿದ್ದಾರೆ, ಅವರಲ್ಲಿ ತಾಯಂದಿರಾದವರೂ ಇದ್ದಾರೆ. ಕೆನ್ಯಾದಲ್ಲಿ ನಡೆದದ್ದು ಅಧ್ಯಯನ ಹೌದು, 15ರಿಂದ 20 ವರ್ಷದ 2,275 ಮಂದಿ ಒಪ್ಪಿ ಸೇರಿದ್ದರು. ಒಂದೇ ಡೋಸ್ ಕೂಡ ಚೆನ್ನಾಗಿ ಕಾಪಾಡುತ್ತದೆ ಅಂತ ಅದರಿಂದ ಗೊತ್ತಾಯಿತು. ಬಡ ದೇಶಗಳಿಗೆ ಅದರಿಂದ ಖರ್ಚು ಅರ್ಧ ಉಳಿಯಿತು, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2022ರಲ್ಲಿ ಒಂದು ಡೋಸಿಗೂ ಒಪ್ಪಿಗೆ ಕೊಟ್ಟಿತು. ನಮ್ಮ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಕೂಡ ಇದೆ. ಯಾವುದು, ಎಷ್ಟು ಡೋಸ್ ಅಂತ ನಿಮ್ಮ ಡಾಕ್ಟರ್ ಹೇಳಿದ ಹಾಗೆ ಮಾಡಿ. ಹಾಕಿಸಿಕೊಂಡರೂ 30 ಆದ ಮೇಲೆ ಪರೀಕ್ಷೆ ಬಿಡುವ ಹಾಗಿಲ್ಲ, ಲಸಿಕೆ ಎಲ್ಲ ತರದ ಎಚ್‌ಪಿವಿಯನ್ನೂ ತಡೆಯುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಕುಟುಂಬಶ್ರೀ ಅಯಲ್‌ಕೂಟದ (ನೆರೆಮನೆ ಹೆಂಗಸರ ಸಂಘ) ಕಾರ್ಯದರ್ಶಿ. ವಾರದ ಮೀಟಿಂಗಿನಲ್ಲಿ ಎದೆಯ ಗಂಟಿನ ಬಗ್ಗೆ ಹೇಳಬೇಕು ಅಂತಿದೆ. ನಾನು ನರ್ಸ್ ಅಲ್ಲ. ಪ್ರೊಜೆಕ್ಟರ್ ಇಲ್ಲ. ಹೆಂಗಸರು ನಗಾಡ್ತಾರೆ. ಹೇಗೆ ಶುರು ಮಾಡಲಿ?
ಮುಳ್ಳೇರಿಯ

ಉತ್ತರ: ನಗಾಡಲಿ ಬಿಡಿ! ನಕ್ಕ ಮೇಲೆಯೇ ಬಾಯಿ ಬಿಡುವುದು.

ಪ್ರೊಜೆಕ್ಟರ್ ಬೇಡ. ಹಳೆ ರವಿಕೆ ಬಟ್ಟೆಯಲ್ಲಿ ಹತ್ತಿ ತುಂಬಿ ಒಂದು ಮೆತ್ತನೆ ಉಂಡೆ ಹೊಲಿಯಿರಿ. ಒಳಗೆ ಒಂದು ಕಡೆ ಗಜ್ಜುಗದ ಬೀಜ ಸೇರಿಸಿ, ಇನ್ನೊಂದು ಕಡೆ ಒಂದು ಕಡಲೆ. ಎಲ್ಲರ ಕೈಗೆ ಕೊಡಿ. ಮೂರು ಬೆರಳಿನ ಮೆತ್ತನೆ ಭಾಗದಿಂದ, ತುದಿಯಿಂದಲ್ಲ, ಸಣ್ಣ ಸಣ್ಣ ಸುತ್ತಿನಲ್ಲಿ ಒತ್ತಿ ಹುಡುಕಲಿ. ಗಜ್ಜುಗ ತಕ್ಷಣ ಸಿಗುತ್ತದೆ, ಕಡಲೆ ಸಿಗಬೇಕಾದರೆ ನಿಧಾನ ಬೇಕು. ಒಬ್ಬಳಿಗೆ ಸಿಕ್ಕಿ ಇನ್ನೊಬ್ಬಳಿಗೆ ಸಿಗದಿದ್ದರೆ ಅಲ್ಲೇ ಪಂದ್ಯ ಶುರುವಾಗುತ್ತದೆ, ಆಮೇಲೆ ನೀವು ಮಾತಾಡುವುದೇ ಬೇಡ, ಅವರವರೇ ಶುರು ಮಾಡುತ್ತಾರೆ.

ಗಂಟಿನ ಜೊತೆಗೆ ಬೇರೆ ಗುರುತುಗಳನ್ನೂ ಹೇಳಿ. ತೊಟ್ಟು ಹೊಸದಾಗಿ ಒಳಗೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತದಂಥ ನೀರು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪ ಆಗುವುದು, ಕಂಕುಳಲ್ಲಿ ಗೆಡ್ಡೆ. ಎದೆಹಾಲು ಕೊಡುವವರಿಗೂ ಗಂಟು ಬರಬಹುದು, ಹಾಲು ಕಟ್ಟಿದೆ ಅಂತ ತಿಂಗಳುಗಟ್ಟಲೆ ಸುಮ್ಮನಿರಬಾರದು. ಭಾರತದ ಹೆಂಗಸರಲ್ಲಿ ಈಗ ಮೊದಲ ಸ್ಥಾನ ಈ ಕ್ಯಾನ್ಸರಿನದ್ದೇ. ಆಫ್ರಿಕಾದಲ್ಲೂ ನಮ್ಮಲ್ಲೂ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿಗೇ ಕಾಣುತ್ತಿದೆ. 40 ಆಗಲಿ ಅಂತ ಕಾಯುವುದಲ್ಲ.

ಬೆರಳಿನಲ್ಲಿ ನೋಡಿಕೊಂಡರೆ ಸಾಕು, ಡಾಕ್ಟರ್ ಬೇಡ ಅಂತ ಮಾತ್ರ ಹೇಳಬೇಡಿ. ತನ್ನ ಎದೆ ಯಾವಾಗಲೂ ಹೇಗಿರುತ್ತದೆ ಅಂತ ಗೊತ್ತಿದ್ದರೆ ಬದಲಾದಾಗ ಗೊತ್ತಾಗುತ್ತದೆ, ಅದಕ್ಕೆ ಇದು. ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯವರು ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಕೈಯಿಂದಲೇ ಎದೆ ಪರೀಕ್ಷೆ ಮಾಡಿಸಿದ್ದರು, ಆ ಹೆಂಗಸರನ್ನು 20 ವರ್ಷ ಬಿಡದೆ ಗಮನಿಸಿ ನೋಡಿದರು. 50 ದಾಟಿದವರಲ್ಲಿ ಸಾವು ನೂರಕ್ಕೆ 30ರ ಹತ್ತಿರ ಇಳಿದಿತ್ತು. ಮಷಿನ್ ಇಲ್ಲದೆ, ಬರೀ ಕಲಿತ ಕೈ. ನಿಮ್ಮ ಜೆಪಿಎಚ್‌ಎನ್ ಸಿಸ್ಟರನ್ನು ಮೀಟಿಂಗಿಗೆ ಕರೆಯಿರಿ, ನೀವು ಉಂಡೆ ಹಿಡಿಯಿರಿ, ಅವರು ಒಳಕೋಣೆಯಲ್ಲಿ ಒಬ್ಬೊಬ್ಬರನ್ನೇ ನೋಡಲಿ.

ಪ್ರಶ್ನೆ: ನಮ್ಮ ಅತ್ತೆಗೆ ಎಲೆ ಅಡಿಕೆ ಇಲ್ಲದಿದ್ದರೆ ಆಗುವುದಿಲ್ಲ. ಹೊಗೆಸೊಪ್ಪು ಬಿಟ್ಟಿದ್ದಾರೆ, ಬರೀ ಅಡಿಕೆ ಏನೂ ಮಾಡುವುದಿಲ್ಲ ಅಂತಾರೆ. ಈಗ ಬಾಯಿ ದೊಡ್ಡದಾಗಿ ತೆರೆಯಲಿಕ್ಕೆ ಆಗುತ್ತಿಲ್ಲ, ಖಾರ ತಿಂದರೆ ಉರಿ. ಇದು ಹೆಂಗಸರ ಕ್ಯಾನ್ಸರಿಗೆ ಸೇರುತ್ತದಾ?
ಆದೂರಿನ ಸೊಸೆ

ಉತ್ತರ: ಸೇರುತ್ತದೆ, ನಮ್ಮ ಕಡೆಯಂತೂ ಖಂಡಿತ. ಅಡಿಕೆ ತೋಟದ ಊರಲ್ಲಿ ಕೂತು ಇದನ್ನು ಬರೆದರೆ ಬೈಗುಳ ತಿನ್ನಬೇಕಾಗುತ್ತದೆ, ನಮ್ಮ ಮನೆಯ ಅಂಗಳದಲ್ಲೂ ಅಡಿಕೆಯೇ ಒಣಗುತ್ತಿದೆ. ಆದರೂ ಹೇಳುತ್ತೇನೆ: ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ 2004ರಲ್ಲೇ ತೀರ್ಮಾನ ಮಾಡಿದೆ. ಬಾಯಿ ತೆರೆಯಲು ಆಗದಿರುವುದು, ಉರಿ, ಇವು ಒಳಗಿನ ಪದರ ಗಟ್ಟಿಯಾಗುತ್ತಿರುವ ಗುರುತು. ಅದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಹುದು. ಹಲ್ಲಿನ ಡಾಕ್ಟರ್‌ಗೆ ತೋರಿಸಿ, ಇದೇ ತಿಂಗಳು. ಅಡಿಕೆ ಇವತ್ತಿಂದಲೇ ನಿಲ್ಲಿಸಬೇಕು. ಒಂದೇ ಸಲ ಆಗದಿದ್ದರೆ ಬಾಯಿಗೆ ಲವಂಗ, ಏಲಕ್ಕಿ, ಸೋಂಪು ಏನಾದರೂ ಕೊಡಿ, ಆದರೆ ಅಡಿಕೆ ತಟ್ಟೆಯನ್ನು ಜಗಲಿಯಿಂದ ತೆಗೆದಿಡಿ. ಅತ್ತೆ ಸಿಟ್ಟಾದರೆ ಸಿಸ್ಟರಕ್ಕ ಹೇಳಿದ್ದು ಅನ್ನಿ, ಬೈಗುಳ ನನಗೇ ಬರಲಿ.